‘ವಯಸ್ಸಾಗುವುದು ಕೋಣಕ್ಕೆ ಮಾತ್ರ’ ಎನ್ನುವ ಅಜ್ಜಿಗೆ ಮಾತ್ರೆ ನುಂಗಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮೂರು ದಾವಣಗೆರೆ; ಓದುತ್ತಿರುವುದು ಫಿಲಿಪ್ಪೀನ್ಸ್‌ನ ದಾವಾವ್‌ನಲ್ಲಿ, ವೈದ್ಯಕೀಯ. ನಾನು ಬಾಡಿಗೆಗಿರುವ ಮನೆಯ ಲೋಲಾಗೆ (ಇಲ್ಲಿ ಅಜ್ಜಿಯನ್ನು ಹಾಗೆನ್ನುತ್ತಾರೆ) 74 ವರ್ಷ. ಮಗಳು ದುಬೈನಲ್ಲಿ ದುಡಿಯುತ್ತಾಳೆ; ಇಬ್ಬರು ಮೊಮ್ಮಕ್ಕಳನ್ನು ಸಾಕುತ್ತಿರುವವರು ಇವರೇ. ಬೆಳಿಗ್ಗೆ ಜುಂಬಾ, ಭಾನುವಾರ ಚರ್ಚ್, ಸಂಜೆ ಕರಾವೊಕೆ. ಬಿಪಿ ಇದೆ, ಆದರೆ ಮಾತ್ರೆ ದಿನ ಬಿಟ್ಟು ದಿನ. ಕೇಳಿದರೆ ‘ಬಹಾಲಾ ನಾ’ (ಬಂದದ್ದು ಬರಲಿ ಎಂಬಂಥ ಮಾತು) ಎಂದು ನಗುತ್ತಾರೆ. ಇಲ್ಲವೇ, ವಯಸ್ಸಾಗುವುದು ಕೋಣಕ್ಕೆ ಮಾತ್ರ ಎನ್ನುತ್ತಾರೆ. ಇದು ನೆಮ್ಮದಿಯೋ, ಕಷ್ಟ ಮುಚ್ಚಿಡುವ ನಗುವೋ?

ಉತ್ತರ (ವೃದ್ಧರ ಆರೋಗ್ಯ ತಜ್ಞೆ): ಮೊದಲು ಮಾತ್ರೆಯ ಮಾತು. ಇಷ್ಟು ಕ್ರಮವಾಗಿ ದಿನ ಬಿಟ್ಟು ದಿನ ನುಂಗುವವರು ಸಾಮಾನ್ಯವಾಗಿ ಮರೆತಿರುವುದಿಲ್ಲ, ಲೆಕ್ಕ ಹಾಕಿರುತ್ತಾರೆ. ದುಬೈಯಿಂದ ಬರುವ ಹಣ ಮಕ್ಕಳ ಶಾಲೆಗೆಂದು ತೆಗೆದಿಟ್ಟಿರಬಹುದು. ‘ಯಾಕೆ ಬಿಟ್ಟಿರಿ’ ಎನ್ನಬೇಡಿ. ‘ಈ ಮಾತ್ರೆ ಹಾಳೆ ಎಷ್ಟು ದಿನ ಬರಬೇಕು’ ಎಂದು ಕೇಳಿ ನೋಡಿ. ಅಲ್ಲಿನ 2010ರ ಕಾನೂನಿನಂತೆ 60 ದಾಟಿದವರಿಗೆ ಔಷಧಿಯಲ್ಲಿ ಶೇ. 20 ರಿಯಾಯಿತಿ, ಮೇಲೆ ವ್ಯಾಟ್ ಇಲ್ಲ. ಹಿರಿಯ ನಾಗರಿಕರ ಗುರುತಿನ ಚೀಟಿ ಚೀಲದಲ್ಲಿದೆಯೇ ನೋಡಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ ಮಾತ್ರೆ ಉಚಿತವಾಗಿ ಸಿಗುತ್ತದೆಯೇ ಎಂದೂ ವಿಚಾರಿಸಿ.

ಇನ್ನು ‘ಬಹಾಲಾ ನಾ’. ಹೊರಗಿನವರು ಇದನ್ನು ಹಣೆಬರಹಕ್ಕೆ ಕೈಚೆಲ್ಲುವ ಮಾತೆಂದು ಬರೆದಿದ್ದುಂಟು. ಫಿಲಿಪಿನೋ ಮನಶ್ಶಾಸ್ತ್ರಜ್ಞರು ಒಪ್ಪಲಿಲ್ಲ. ಮುಂದೇನೆಂದು ತಿಳಿಯದಿದ್ದರೂ ಹೆಜ್ಜೆ ಇಡುವ ಧೈರ್ಯ ಅದರಲ್ಲಿದೆ ಎಂದರು. ನಾನೂ ಹಾಗೆಯೇ ಓದುತ್ತೇನೆ. ಆದರೆ ದುಬೈಯಲ್ಲಿರುವ ಮಗಳ ವಿಷಯದಲ್ಲಿ ಆ ಮಾತು ಸಲ್ಲುತ್ತದೆ, ಕೈಯಲ್ಲೇ ಇರುವ ಮಾತ್ರೆಯ ವಿಷಯದಲ್ಲಿ ಸಲ್ಲದು.

ಅಲ್ಲಿನ ಅನೇಕ ಹಿರಿಯರಿಗೆ ಚೆನ್ನಾಗಿ ಮುಪ್ಪಾಗುವುದೆಂದರೆ ರೋಗವಿಲ್ಲದಿರುವುದಲ್ಲ, ಮನೆಗೆ ಬೇಕಾದವರಾಗಿರುವುದು. ‘ಪಬಿಗಾತ್’, ಅಂದರೆ ಹೊರೆ, ಆಗಬಾರದೆಂಬುದೇ ಅವರ ದೊಡ್ಡ ಭಯ. ಆದ್ದರಿಂದ ‘ನಿಮ್ಮ ಆರೋಗ್ಯಕ್ಕಾಗಿ’ ಎಂಬ ಉಪದೇಶ ನಾಟುವುದಿಲ್ಲ. ಬಿಪಿ ಕೈಮೀರಿ ಲಕ್ವ ಹೊಡೆದರೆ ಮಕ್ಕಳನ್ನು ಶಾಲೆಗೆ ಕಳಿಸುವವರು ಯಾರು ಎಂದು ಕೇಳಿ. ಇದು ಹೆದರಿಸುವುದಲ್ಲವೇ ಎಂದರೆ, ಸ್ವಲ್ಪ ಹೌದು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಹಿರಿಯರ ಕೈಯನ್ನು ಹಣೆಗೊತ್ತಿ ‘ಮಾನೋ ಪೋ’ ಎನ್ನುವ ದೇಶವಲ್ಲವೇ? ಅಲ್ಲಿ ವೃದ್ಧಾಶ್ರಮವೇಕೆ ಬೇಕು?

ಉತ್ತರ: ನಾವೂ ಕಾಲಿಗೆರಗುತ್ತೇವಲ್ಲ ಸ್ವಾಮಿ, ನಮ್ಮಲ್ಲಿ ಬೇಡವಾಯಿತೇ? ಹಿರಿಯರನ್ನು ನೋಡಿಕೊಳ್ಳುವುದು ಕುಟುಂಬದ ಕರ್ತವ್ಯ ಎಂದು ಅಲ್ಲಿನ 1987ರ ಸಂವಿಧಾನವೇ ಹೇಳುತ್ತದೆ. ಸರ್ಕಾರವೂ ನೆರವಾಗಬಹುದು ಎನ್ನುತ್ತದೆ. ಕುಟುಂಬವೇ ಕಡಲಾಚೆ ಇದ್ದವರ, ಮಕ್ಕಳಿಲ್ಲದವರ ಪಾಡು ಅಲ್ಲಿಯೂ ಕಷ್ಟವೇ. ಬಡ ಹಿರಿಯರ ಪಿಂಚಣಿಯನ್ನು 2022ರ ಕಾನೂನು ತಿಂಗಳಿಗೆ 500 ಪೆಸೊದಿಂದ 1,000ಕ್ಕೆ ಏರಿಸಿತು. ನೂರು ತುಂಬಿದವರಿಗೆ ಲಕ್ಷ ಪೆಸೊ ಕೊಡುತ್ತಾರೆ. ನೂರರವರೆಗೆ ತಲುಪಿಸುವುದು ತಿಂಗಳ ಹಣ, ಅದು ಸಾಲದು.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ನಿಮ್ಮ ಲೆಕ್ಕವೇ ಸರಿ. ಒಂದು ತಿಂಗಳ ಮಾತ್ರೆಯನ್ನು ಎರಡು ತಿಂಗಳು ಎಳೆಯುತ್ತಿದ್ದರಂತೆ. ನಾಳೆ ಆರೋಗ್ಯ ಕೇಂದ್ರಕ್ಕೆ ಬರಲು ಒಪ್ಪಿದ್ದಾರೆ, ಆದರೆ ಜುಂಬಾ ಮುಗಿಸಿಕೊಂಡೇ ಎಂಬ ಷರತ್ತು.

ಉತ್ತರ: ಷರತ್ತು ಒಪ್ಪಿಕೊಳ್ಳಿ. ಆದರೆ ಕುಣಿದು ಬಂದ ಕೂಡಲೇ ಬಿಪಿ ನೋಡಿಸಬೇಡಿ, ಅಂಕಿ ಏರಿರುತ್ತದೆ. ಅರ್ಧ ಗಂಟೆ ಕೂರಿಸಿ. ಕಾಫಿ ಆಮೇಲೆ.