‘ಆಟೋಇಮ್ಯೂನ್’ ಕಾಯಿಲೆಗೆ ಏನೆನ್ನುವುದು? ‘ಕೊರೊನಾದಿಂದ’ ಎನ್ನಬಹುದೇ?

ಮಾನ್ಯರೇ,

ಜಯನಗರದ ಕ್ಲಿನಿಕ್ ಒಂದಕ್ಕಾಗಿ, ಕೊರೊನಾ ಸೋಂಕು ವಾಸಿಯಾದ ಮೇಲೂ ಕೀಲುನೋವು, ಸುಸ್ತು ಎಂದು ಬರುವವರಿಗೆ ಕೊಡುವ ಎರಡು ಪುಟದ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಆಟೋಇಮ್ಯೂನ್ ಡಿಸೀಸ್ ಎಂಬುದನ್ನು, ಓದಿದ ರೂಢಿಯಿಂದ, ‘ಸ್ವಯಂ ರೋಗನಿರೋಧಕ ಕಾಯಿಲೆ’ ಎಂದು ಬರೆದಿದ್ದೆ. ಸಂಧಿವಾತಕ್ಕೆ ಚಿಕಿತ್ಸೆ ಪಡೆಯುತ್ತಿರುವ ಹಿರಿಯರೊಬ್ಬರು ಕರಡನ್ನು ಓದಿ, ಆ ಪದದ ಮೇಲೆ ಬೆರಳಿಟ್ಟು, “ಇದು ತಾನಾಗಿಯೇ ವಾಸಿಯಾಗುವಂಥದ್ದು ಅಂತ ತಾನೇ? ಹಾಗಾದ್ರೆ ಮಾತ್ರೆ ನಿಲ್ಲಿಸಬಹುದಲ್ವೇನಮ್ಮಾ?” ಎಂದು ಕೇಳಿದರು. ಅವರು ಓದಿದ್ದರಲ್ಲಿ ತಪ್ಪಿರಲಿಲ್ಲ. ಪದವೇ ಹಾಗೆ ಹೇಳುತ್ತಿತ್ತು.

ರೋಗವನ್ನು ತಡೆಯುವುದು ರೋಗನಿರೋಧಕ. ಅದೇ ಕಾಯಿಲೆಗೆ ವಿಶೇಷಣವಾಗುವುದು ಹೇಗೆ? ಸ್ವಯಂಸೇವೆ, ಸ್ವಯಂಚಾಲಿತ, ಸ್ವಯಂಪಾಕ ಮುಂತಾದ ಕಡೆಗಳಲ್ಲಿ ‘ಸ್ವಯಂ’ ಎಂದರೆ ತಾನೇ, ತಾನಾಗಿ. ನಮಗೆ ಬೇಕಿರುವುದು ‘ತನ್ನ ಮೇಲೆಯೇ’ ಎಂಬ ಅರ್ಥ. ವೈರಾಣುವನ್ನು ಗುರುತಿಸಿ ಹೊಡೆಯಬೇಕಾದ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲನ್ನೋ ಚರ್ಮವನ್ನೋ ಥೈರಾಯ್ಡ್ ಗ್ರಂಥಿಯನ್ನೋ ಹಗೆಯೆಂದು ಬಗೆದು ಎರಗುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ‘ಆತ್ಮಘಾತಕ’ ಎಂದರೆ ಆತ್ಮಹತ್ಯೆಯ ನೆರಳು ಬೀಳುತ್ತದೆ, ರೋಗಿಯ ಕೈಗೆ ಕೊಡುವ ಕಾಗದದಲ್ಲಿ ಅದು ಸಲ್ಲದು. ಸದ್ಯಕ್ಕೆ ಮೊದಲ ಸಲ ‘ಮೈಗಾವಲೇ ಮೈಯ ಮೇಲೆ ತಿರುಗಿಬೀಳುವ ಕಾಯಿಲೆ’ ಎಂದು ಬಿಡಿಸಿ ಹೇಳಿ, ಮುಂದೆ ‘ಆಟೋಇಮ್ಯೂನ್ ಕಾಯಿಲೆ’ ಎಂದೇ ಉಳಿಸಿಕೊಂಡಿದ್ದೇನೆ, ಏಕೆಂದರೆ ವೈದ್ಯರ ಬಾಯಲ್ಲಿ ರೋಗಿಗಳು ಕೇಳುವುದು ಆ ಪದವನ್ನೇ. ಸೋಂಕಿನ ವಿರುದ್ಧ ದೇಹ ತಯಾರಿಸುವ ಆಂಟಿಬಾಡಿ ಎಂಬ ಪ್ರೊಟೀನಿಗೆ ‘ಪ್ರತಿಕಾಯ’ ನೆಲೆಗೊಂಡಿರುವುದರಿಂದ, ಸ್ವಂತ ದೇಹದ ವಿರುದ್ಧ ಹುಟ್ಟುವಂಥದ್ದಕ್ಕೆ ‘ಸ್ವಪ್ರತಿಕಾಯ’ ಎಂದಿದ್ದೇನೆ; ಇಲ್ಲಿ ‘ಸ್ವಯಂ’ ಬಿಟ್ಟು ‘ಸ್ವ’ ಹಿಡಿದದ್ದು ಬೇಕೆಂದೇ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ತೃತೀಯಾ ವಿಭಕ್ತಿಯ ‘ಇಂದ’. ‘ಕೊರೊನಾದಿಂದ ಸಂಧಿವಾತ’ ಎಂದು ಬರೆದೊಡನೆ ಕಾರಣ ತೀರ್ಮಾನವಾಗಿಬಿಡುತ್ತದೆ. ಸೋಂಕು ತಗಲಿದವರಲ್ಲಿ ಸಂಧಿವಾತ, ಲೂಪಸ್ ಮೊದಲಾದ ಆಟೋಇಮ್ಯೂನ್ ಕಾಯಿಲೆಗಳು ಹೊಸದಾಗಿ ಪತ್ತೆಯಾಗುವುದು ತಗಲದವರಿಗಿಂತ ಹೆಚ್ಚು ಎಂದು ವೈದ್ಯಕೀಯ ದಾಖಲೆಗಳನ್ನು ಹೋಲಿಸಿದ 2023ರ ದೊಡ್ಡ ಅಧ್ಯಯನಗಳು ತೋರಿಸಿವೆ. ಆದರೆ ಒಬ್ಬ ರೋಗಿಯಲ್ಲಿ ವೈರಾಣುವೇ ಕಾಯಿಲೆಯನ್ನು ಹುಟ್ಟಿಸಿತೋ, ಒಳಗೆ ಮೊದಲೇ ಇದ್ದುದನ್ನು ಹೊರಗೆಡವಿತೋ ಎಂಬುದನ್ನು ಅಂಥ ಹೋಲಿಕೆ ಹೇಳಲಾರದು. ಕೆಲವೊಮ್ಮೆ ದಿಕ್ಕೇ ತಿರುಗುಮುರುಗು. ಕೋವಿಡ್ ನ್ಯುಮೋನಿಯಾದಿಂದ ಪ್ರಾಣಾಪಾಯಕ್ಕೆ ಒಳಗಾದ 987 ಮಂದಿಯನ್ನು ಪರೀಕ್ಷಿಸಿದ 2020ರ ಅಧ್ಯಯನವೊಂದರಲ್ಲಿ, ವೈರಾಣುವನ್ನು ತಡೆಯುವ ಇಂಟರ್‌ಫೆರಾನ್ ಎಂಬ ಪ್ರೊಟೀನನ್ನೇ ಕಟ್ಟಿಹಾಕುವ ಸ್ವಪ್ರತಿಕಾಯಗಳು 101 ಮಂದಿಯಲ್ಲಿ ಕಂಡುಬಂದವು. ಸೋಂಕಿಗೆ ಮುಂಚೆ ತೆಗೆದಿಟ್ಟ ರಕ್ತ ಸಿಕ್ಕಿದ ಕೆಲವರಲ್ಲಿ ಅವು ಆಗಲೇ ಇದ್ದವು. ಅಲ್ಲಿ ‘ಕೊರೊನಾದಿಂದ’ ಎಂದರೆ ಶುದ್ಧ ತಪ್ಪು.

ಆದ್ದರಿಂದ ಪತ್ರದುದ್ದಕ್ಕೂ ‘ಕೊರೊನಾ ಬಂದ ಮೇಲೆ’ ಎಂದು ತಿದ್ದಿದ್ದೇನೆ. ಅದು ಕಾಲವನ್ನು ಮಾತ್ರ ಹೇಳುತ್ತದೆಯೆಂದು ನನ್ನ ಕಿವಿಗೆ ತೋರುತ್ತದೆ, ಆದರೆ ‘ಮಳೆಯಲ್ಲಿ ನೆನೆದ ಮೇಲೆ ಜ್ವರ ಬಂತು’ ಎನ್ನುವಾಗ ನಾವು ಮಳೆಯನ್ನೇ ದೂರುತ್ತೇವಲ್ಲ! ‘ನಂಟು’ ಎಂಬುದನ್ನೂ ಯೋಚಿಸಿದೆ. ‘ಕೊರೊನಾಕ್ಕೂ ಸಂಧಿವಾತಕ್ಕೂ ನಂಟು ಕಂಡುಬಂದಿದೆ’ ಎಂಬ ವಾಕ್ಯ ನಿಮ್ಮ ಕಿವಿಗೆ ಕಾರಣವನ್ನು ಹೇಳುತ್ತದೆಯೇ, ಬರೀ ಜೊತೆಗಿರುವುದನ್ನೇ? ಧಾರವಾಡದ ಕಡೆಯವರೂ ಮಂಗಳೂರಿನ ಕಡೆಯವರೂ ದಯವಿಟ್ಟು ತಿಳಿಸಬೇಕು.