ದುಡಿಯುವ ಹೆಣ್ಣುಮಕ್ಕಳ ಆರೋಗ್ಯ: ವೈದ್ಯೆಯೊಂದಿಗೆ ಭಾನುವಾರದ ಪ್ರಶ್ನೋತ್ತರ

ಬ್ಯಾಂಕ್ ಉದ್ಯೋಗಿ, ಮೈಸೂರು: ಮೇಡಂ, ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಥೈರಾಯ್ಡ್ ಮಾತ್ರೆಯನ್ನು ಕಾಫಿಯ ಜೊತೆಗೇ ನುಂಗುತ್ತೇನೆ. ತೊಂದರೆಯೇ?

ವೈದ್ಯೆ: ತೊಂದರೆಯೇ. ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ ಕಾಫಿ, ತಿಂಡಿ ಮುಟ್ಟಬೇಡಿ. ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆಯ ಅಂತರವಿರಲಿ.

ಗಾರ್ಮೆಂಟ್ಸ್ ಕಾರ್ಮಿಕೆ, ಮದ್ದೂರು: ಮಷೀನು ಬಿಟ್ಟು ಎದ್ದರೆ ನನ್ನ ಮುಂದೆ ಪೀಸುಗಳು ರಾಶಿ ಬೀಳುತ್ತವೆ, ಸೂಪರ್‌ವೈಸರ್ ಎಲ್ಲರೆದುರು ಕೂಗಾಡುತ್ತಾರೆ, ಅದಕ್ಕೆ ಹೆದರಿ, ಬೆಳಿಗ್ಗೆ ತುಂಬಿಕೊಂಡು ಹೋದ ನೀರಿನ ಬಾಟಲಿಯನ್ನು ಸಂಜೆ ಹಾಗೆಯೇ ಮನೆಗೆ ತರುತ್ತೇನೆ. ನಾಲ್ಕು ತಿಂಗಳಲ್ಲಿ ಇದು ಮೂರನೆಯ ಸಲದ ಉರಿಮೂತ್ರ. ಹಳೆಯ ಚೀಟಿಯ ಎರಡು ಮಾತ್ರೆ ಉಳಿದಿದ್ದವು, ನುಂಗಿದೆ. ನಿನ್ನೆಯಿಂದ ನಡುಕ ಬಂದು ಜ್ವರ ಏರುತ್ತಿದೆ, ಬಲಪಕ್ಕೆಯ ಹಿಂಭಾಗದಲ್ಲಿ ನೋವಿದೆ. ನಾಳೆ ಕೆಲಸ ಮುಗಿಸಿ ತೋರಿಸಿದರೆ ಸಾಕೇ?

ಸದಸ್ಯ, ಮಂಡ್ಯ: 21 ದಿನ ಬೂದುಗುಂಬಳದ ರಸ ಕುಡಿಯಿರಿ, ಕಿಡ್ನಿ ಶುದ್ಧವಾಗುತ್ತದೆ. (ಫಾರ್ವರ್ಡ್)

ವೈದ್ಯೆ: ಮದ್ದೂರಿನ ತಾಯಿ, ನಾಳೆಯಲ್ಲ, ಇವತ್ತೇ ಹೋಗಬೇಕು. ಉರಿಮೂತ್ರದ ಜೊತೆಗೆ ಚಳಿಜ್ವರ ಮತ್ತು ಪಕ್ಕೆಯ ಹಿಂದಿನ ನೋವು ಬಂದರೆ, ಸೋಂಕು ಮೂತ್ರಕೋಶದಿಂದ ಮೂತ್ರಪಿಂಡಕ್ಕೆ ಏರಿರುವ ಸಂಭವವಿದೆ. ತಡಮಾಡಿದರೆ ಅದು ರಕ್ತಕ್ಕೂ ಹರಡಬಹುದು. ಎರಡೇ ಆ್ಯಂಟಿಬಯೋಟಿಕ್ ಮಾತ್ರೆ ನುಂಗಿ ಬಿಟ್ಟರೆ ರೋಗ ವಾಸಿಯಾಗುವುದಿಲ್ಲ, ಉಳಿದ ರೋಗಾಣುಗಳು ಆ ಔಷಧಕ್ಕೇ ಬಗ್ಗದಂತಾಗಬಹುದು. ಆದ್ದರಿಂದ ಹೊಸ ಔಷಧ ಶುರುವಾಗುವ ಮುನ್ನವೇ, ರೋಗಾಣು ಯಾವುದು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಸುವ ಮೂತ್ರದ ಕಲ್ಚರ್‌ಗೆ ಕೊಡಿ, ಸಕ್ಕರೆ ಪರೀಕ್ಷೆ ಮಾಡಿಸಿ, ಮುಟ್ಟು ತಪ್ಪಿದ್ದರೆ ಮರೆಯದೆ ಹೇಳಿ. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲಿ ತುರ್ತು ವಿಭಾಗ ಭಾನುವಾರವೂ ತೆರೆದಿರುತ್ತದೆ. ಸಂಬಳ ಹೋಗುವ ಚಿಂತೆಯಿದ್ದರೆ, ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐ ವಂತಿಗೆ ಸರಿಯಾಗಿ ಕಟ್ಟಿದ್ದವರಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ಸಿಗುತ್ತದೆ. ಈಗ ಜ್ವರ ಎಷ್ಟಿದೆ, ಬರೆಯಿರಿ.

ಬೂದುಗುಂಬಳದವರೇ, ಚಳಿಜ್ವರ ಬಂದವರಿಗೆ ರಸದ ಲೆಕ್ಕ ಹೇಳುವುದು ಅಪಾಯ. ಅಳಿಸಿ.

ಸದಸ್ಯ, ಮಂಡ್ಯ: ನಮ್ಮಜ್ಜಿ ಯಾವ ಕಲ್ಚರನ್ನೂ ಮಾಡಿಸದೆ 90 ವರ್ಷ ಬಾಳಿದರು.

ವೈದ್ಯೆ: ನಿಮ್ಮಜ್ಜಿ ಬಾಯಾರಿದಾಗ ನೀರು ಕುಡಿಯಲು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.

ಬ್ಯಾಂಕ್ ಉದ್ಯೋಗಿ, ಮೈಸೂರು: ಎದ್ದು ಹೋಗುವ ಧೈರ್ಯ ನಮಗೇ ಇರಬೇಕು. ನಮಗೂ ಟಾರ್ಗೆಟ್ ಇದೆ, ನಾವು ನೀರು ಬಿಡುವುದಿಲ್ಲ.

ಕಾರ್ಮಿಕೆ, ಶ್ರೀರಂಗಪಟ್ಟಣ: ಫ್ಯಾನಿನ ಕೆಳಗೆ ಕುರ್ಚಿಯಿದ್ದವರಿಗೆ ಧೈರ್ಯ ಸುಲಭ, ಅಕ್ಕ. ನಮ್ಮಲ್ಲಿ ನೂರಾರು ಹೆಂಗಸರು ಊಟದ ಬಿಡುವಿನ ಅರ್ಧ ಗಂಟೆಯಲ್ಲೇ ಶೌಚಾಲಯದ ಮುಂದೆ ಸಾಲು ನಿಲ್ಲುತ್ತಾರೆ.

ಬ್ಯಾಂಕ್ ಉದ್ಯೋಗಿ, ಮೈಸೂರು: ಕುರ್ಚಿಯ ಮಾತು ಬೇಡ, ನನ್ನ ಸೊಂಟ ನನಗೆ ಗೊತ್ತು.

ಶಿಕ್ಷಕಿ, ಪಾಂಡವಪುರ: ಮೇಡಂ, ದಿನವಿಡೀ ನಿಂತು ಪಾಠ ಮಾಡುವ ನನಗೆ ಹಿಮ್ಮಡಿ ನೋವಿದೆ, ಏನು ಮಾಡಲಿ?

ಗೃಹಿಣಿ, ಮೈಸೂರು: ಥೈರಾಯ್ಡ್ ಮಾತ್ರೆಯನ್ನು ಹಾಲಿನ ಜೊತೆ ನುಂಗಬಹುದೇ?

ವೈದ್ಯೆ: ಮೇಲೆ ಓದಿ. ಮದ್ದೂರಿನವರೇ, ಜ್ವರ ಎಷ್ಟೆಂದು ಕೇಳಿ ಮುಕ್ಕಾಲು ಗಂಟೆಯಾಯಿತು.

ಗಾರ್ಮೆಂಟ್ಸ್ ಕಾರ್ಮಿಕೆ, ಮದ್ದೂರು: ಪಕ್ಕದ ಮನೆಯಿಂದ ಥರ್ಮಾಮೀಟರ್ ತಂದು ನೋಡಿದೆ, 102 ಇದೆ. ಯಜಮಾನರು ಆಟೋ ಕರೆತರಲು ಹೋಗಿದ್ದಾರೆ. ನಾಳೆ ಬರುವುದಿಲ್ಲ ಎಂದು ಲೈನಿನವರಿಗೆ ಇನ್ನೂ ಹೇಳಿಲ್ಲ.

ವೈದ್ಯೆ: ಮೊದಲು ಹೊರಡಿ. ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್ಪನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ.

ಶಿಕ್ಷಕಿ, ಪಾಂಡವಪುರ: ಮೇಡಂ, ಹಿಮ್ಮಡಿ?