ನಿಕ್ಕಲ್ ಕಾಲಂಗೆ ಎನ್‌ಕ್ಯಾಪ್ಸುಲಿನ್ ಅಂಟುತ್ತಲೇ ಇಲ್ಲ

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಥರ್ಮೊಟೋಗ ಮ್ಯಾರಿಟಿಮಾ ಎಂಬ ಬ್ಯಾಕ್ಟೀರಿಯಾದ ಎನ್‌ಕ್ಯಾಪ್ಸುಲಿನ್ (ಪ್ರತಿಗಳು ಸೇರಿ ಟೊಳ್ಳು ಚಿಪ್ಪು ಕಟ್ಟುವ ಪ್ರೋಟೀನ್) ಜೀನನ್ನು ಇ. ಕೋಲೈಗೆ ಹಾಕಿ ಪ್ರೋಟೀನ್ ತೆಗೆಯುತ್ತಿದ್ದೇನೆ. ನಿಕ್ಕಲ್‌ಗೆ ಅಂಟುವ ಹಿಸ್ ಟ್ಯಾಗ್ (ಹಿಸ್ಟಿಡಿನ್‌ಗಳ ಸಾಲು) ಎನ್-ತುದಿಯಲ್ಲಿದೆ, ಅಂದರೆ ಪ್ರೋಟೀನ್ ಸರಪಳಿಯ ಆರಂಭದಲ್ಲಿ. ಪ್ರೋಟೀನ್ ಧಾರಾಳವಾಗಿ ಬರುತ್ತಿದೆ, ಕರಗಿಯೂ ಇದೆ. ಆದರೆ ನಿಕ್ಕಲ್ ಕಾಲಂಗೆ ಹಾಕಿದರೆ ಎಲ್ಲಾ ಫ್ಲೋ-ಥ್ರೂನಲ್ಲೇ (ಅಂಟದೆ ಹರಿದುಬರುವ ದ್ರವದಲ್ಲಿ) ಹೊರಟುಹೋಗುತ್ತದೆ. ಹೊಸ ರೆಸಿನ್ (ಕಾಲಂನೊಳಗಿನ ನಿಕ್ಕಲ್ ಮಣಿಗಳು) ಹಾಕಿದೆ, ಅಂಟಿದ್ದನ್ನು ಬಿಡಿಸುವ ಇಮಿಡಜೋಲ್ ಇಲ್ಲದ ಬಫರ್‌ನಲ್ಲೂ ನೋಡಿದೆ, ಅದೇ ಕತೆ. ಜೊತೆಗೆ, ಸ್ಯಾಂಪಲ್ ಕುದಿಸದೆ ಎಸ್‌ಡಿಎಸ್ ಜೆಲ್‌ಗೆ (ಎಸ್‌ಡಿಎಸ್ ಎಂಬ ಮಾರ್ಜಕದಿಂದ ಪ್ರೋಟೀನ್ ಬಿಚ್ಚಿ ಗಾತ್ರದಂತೆ ಬೇರ್ಪಡಿಸುವ ಜೆಲ್) ಲೋಡ್ ಮಾಡಿದರೆ ವೆಲ್ ಬುಡದಲ್ಲೇ ನಿಲ್ಲುತ್ತದೆ. ಚೆನ್ನಾಗಿ ಕುದಿಸಿದರೆ 30 ಕಿಲೋಡಾಲ್ಟನ್ ಹತ್ತಿರ ಬ್ಯಾಂಡ್. ಪ್ರೋಟೀನ್ ಮುದ್ದೆಗಟ್ಟುತ್ತಿದೆಯೇ?

ಉತ್ತರ: ಮುದ್ದೆಗಟ್ಟಿದ್ದರೆ ಸೆಂಟ್ರಿಫ್ಯೂಜ್‌ನಲ್ಲಿ ತಳಕ್ಕೆ ಕೂರುತ್ತಿತ್ತು. ವೆಲ್ ಬುಡದಲ್ಲಿ ನಿಂತಿರುವುದು ಬಹುಶಃ ಇಡೀ ಗೂಡು, ಅಂದರೆ ಎನ್‌ಕ್ಯಾಪ್ಸುಲಿನ್ ಚಿಪ್ಪು. 60 ಪ್ರತಿಗಳು ಸೇರಿ ಸುಮಾರು 24 ನ್ಯಾನೊಮೀಟರ್ ಅಗಲದ ಚಿಪ್ಪಾಗುತ್ತವೆ. ತೂಕ ಹೆಚ್ಚುಕಡಿಮೆ 1.8 ಮೆಗಾಡಾಲ್ಟನ್. ಅಷ್ಟು ದೊಡ್ಡದು ಜೆಲ್‌ನೊಳಗೆ ಇಳಿಯುವುದಿಲ್ಲ. ಇದು 80 ಡಿಗ್ರಿ ಬಿಸಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಪ್ರೋಟೀನು, ಬರೀ ಎಸ್‌ಡಿಎಸ್‌ಗೆ ಬಿಚ್ಚಿಕೊಳ್ಳದಿದ್ದರೆ ಆಶ್ಚರ್ಯವಿಲ್ಲ.

ತೊಂದರೆ ಟ್ಯಾಗ್ ಇರುವ ಜಾಗದ್ದು. 2008ರಲ್ಲಿ ಬಂದ ಇದರ ರಚನೆಯನ್ನು ತೆರೆದು ನೋಡಿ: ಎನ್-ತುದಿ ಚಿಪ್ಪಿನ ಒಳಕ್ಕೆ, ಸಿ-ತುದಿ (ಸರಪಳಿಯ ಕೊನೆ) ಹೊರಕ್ಕೆ. ನಿಮ್ಮ ಹಿಸ್ಟಿಡಿನ್‌ಗಳೆಲ್ಲ ಬೀಗ ಹಾಕಿದ ಮನೆಯೊಳಗಿವೆ. ರಂಧ್ರಗಳು ಆಂಗ್‌ಸ್ಟ್ರಾಮ್ ಲೆಕ್ಕದಷ್ಟು ಸಣ್ಣವು, ರೆಸಿನ್ ಒಳಗೆ ಹೋಗಿ ಹಿಡಿಯುವ ಮಾತೇ ಇಲ್ಲ.

ಖಾತ್ರಿಗೆ ಒಂದಿಷ್ಟು ಸ್ಯಾಂಪಲ್ಲನ್ನು 7 ಮೋಲಾರ್ ಗ್ವಾನಿಡಿನ್‌ನಲ್ಲಿ (ಪ್ರೋಟೀನ್ ಮಡಿಕೆ ಬಿಡಿಸುವ ರಾಸಾಯನಿಕ) ಬಿಚ್ಚಿ ಅದೇ ರೆಸಿನ್‌ಗೆ ಹಾಕಿ. ಆಗ ಅಂಟಿದರೆ ಅನುಮಾನ ಮುಗಿಯಿತು. ಜೆಲ್‌ಗೆ ಮುಂಚೆ ಗ್ವಾನಿಡಿನ್ ತೆಗೆಯಲೇಬೇಕು. ಎಸ್‌ಡಿಎಸ್ ಜೊತೆ ಸೇರಿದರೆ ಬೆಳ್ಳಗೆ ಗರಣೆ ಕಟ್ಟಿ ಲೇನ್ ಹಾಳಾಗುತ್ತದೆ.

ಪ್ರಶ್ನೆ ಕೇಳಿದವರು: ಗ್ವಾನಿಡಿನ್‌ನಲ್ಲಿ ಅಂಟಿತು, ಎಲ್ಯೂಷನ್‌ನಲ್ಲಿ (ಕಾಲಂನಿಂದ ಬಿಡಿಸಿ ತೆಗೆದ ಭಾಗದಲ್ಲಿ) ಸ್ಪಷ್ಟ ಬ್ಯಾಂಡ್! ತುಂಬಾ ಥ್ಯಾಂಕ್ಸ್ ಸರ್. ಸಿ-ತುದಿಯ ಟ್ಯಾಗ್‌ಗೆ ಪ್ರೈಮರ್ ಆರ್ಡರ್ ಮಾಡಿದ್ದೇನೆ. ಅಲ್ಲಿಯವರೆಗೆ ಹಳೆಯ ಪ್ಲಾಸ್ಮಿಡ್‌ನಲ್ಲೇ ಕೆಲಸ ನಡೆಸಬಹುದೇ?

ಉತ್ತರ: ಖಂಡಿತ, ನಿಕ್ಕಲ್ ಕಾಲಂ ಇಲ್ಲದೆಯೇ ಆಗುತ್ತದೆ. ಲೈಸೇಟನ್ನು (ಕೋಶ ಒಡೆದು ಬಂದ ದ್ರವ) 65 ಡಿಗ್ರಿಯಲ್ಲಿ 20 ನಿಮಿಷ ಇಟ್ಟು ಜೋರಾಗಿ ತಿರುಗಿಸಿ. ಇ. ಕೋಲೈ ಪ್ರೋಟೀನ್‌ಗಳು ಬಹುಪಾಲು ಹೆಪ್ಪುಗಟ್ಟಿ ಕೆಳಗಿಳಿಯುತ್ತವೆ, ಎನ್‌ಕ್ಯಾಪ್ಸುಲಿನ್ ಮೇಲಿನ ತಿಳಿಯಲ್ಲೇ ಉಳಿಯುತ್ತದೆ. ಆಮೇಲೆ ಸೂಪರೋಸ್ 6 ಕಾಲಂನಲ್ಲಿ ಗಾತ್ರದ ಮೇಲೆ ಬೇರ್ಪಡಿಸಿ. ಗೂಡು ಶುರುವಿನಲ್ಲೇ ಬರುತ್ತದೆ. ಮುಂದೆ ಚಿಪ್ಪಿನ ಒಳಗೆ ಸರಕು (ಬೇರೆ ಪ್ರೋಟೀನ್) ತುಂಬುವ ಯೋಚನೆಯಿದ್ದರೆ, ಸರಕು ಪ್ರೋಟೀನ್‌ನ ಸಿ-ತುದಿಯಲ್ಲಿರುವ ಗುರುತಿನ ಪೆಪ್ಟೈಡ್ ಆದಮೇಲೆ ಇನ್ಯಾವ ಟ್ಯಾಗೂ ಜೋಡಿಸಬೇಡಿ. ಆ ತುದಿಯೇ ಚಿಪ್ಪಿನ ಒಳಗೋಡೆಗೆ ಕಚ್ಚಿಕೊಳ್ಳಬೇಕು.